ಗೆರೆಯಾಚೆಯ ನೆಲ

ನಾಲ್ಕನೆಯ ಸಲ ಗೋಡೆ ಸರಿಯಿತು. ಕಟ್ಟಿದ ಗೋಡೆಯಲ್ಲ, ಕೋಮಲಳ ಲ್ಯಾಪ್‌ಟಾಪಿನೊಳಗಿನ ತಡೆಗೋಡೆ. ಕಾಗವಾಡದ ಕಡೆ ದ್ರಾಕ್ಷಿ ತೋಟವಿದ್ದ ರಾವಸಾಹೇಬರು ಚಿಕ್ಕೋಡಿಯ ಇಳಿಜಾರಿನಲ್ಲಿ ಒಂದು ಪ್ಲಾಟು ಹಿಡಿದು ಮನೆಗೆ ಕೈಹಾಕಿದ್ದರು. ಪ್ಲಾಟಿನ ಮೇಲಂಚಿಗೂ ಕೆಳಂಚಿಗೂ ಎಂಟು ಅಡಿ ವ್ಯತ್ಯಾಸ. ಕೆಳಗೆ ಗೋಡೆ ಎಬ್ಬಿಸಿ, ಗರಸು ಮಣ್ಣು ತುಂಬಿ, ನೆಲ ಸಮ ಮಾಡಬೇಕು. ಕೋಮಲ ನಕ್ಷೆ ಬರೆಯುವ ಆಫೀಸಿಗೆ ರಾವಸಾಹೇಬರು ಬಂದಾಗಲೆಲ್ಲ ಎರಡು ಕಾರು ನಿಲ್ಲುವ ಜಾಗ ಇನ್ನಷ್ಟು ಅಗಲವಾಗುತ್ತಿತ್ತು, ಗೋಡೆ ಅಷ್ಟು ಹೊರಗೆ ಹೋಗುತ್ತಿತ್ತು.

ಗೋಡೆ ಒಂದಡಿ ಸರಿದರೂ ಕೋಮಲಳಿಗೆ ಇಡೀ ದಿನದ ಕೆಲಸ. ಅಳೆದು ತಂದ ಎತ್ತರದ ಅಂಕಿಗಳನ್ನು ಕೂಡಿಸಿ, ಬಲೆ ನೇಯ್ದ ಹಾಗೆ ತ್ರಿಕೋನ ತ್ರಿಕೋನವಾಗಿ ಪರದೆಯ ಮೇಲೆ ನೆಲ ಎಬ್ಬಿಸಿರುತ್ತಾಳೆ. ಒಂದು ಗಂಟು ಜಗ್ಗಿದರೆ ಬಲೆಯೆಲ್ಲ ಸೊಟ್ಟಗಾಗುತ್ತದೆ. ಎಲ್ಲೋ ಒಂದು ಕಡೆ ಮಣ್ಣು ಗೋಡೆಯನ್ನೇ ತೂರಿಕೊಂಡು ಆಚೆ ಬಂದು ನಿಂತಿರುತ್ತದೆ. ಅದನ್ನು ಹಿಂದಕ್ಕೆ ತಳ್ಳುವಷ್ಟರಲ್ಲಿ ಕರೆಂಟು ಹೋಗಿರುತ್ತದೆ.

ಏಕಸಂಬಿಯಿಂದ ದಿನಾ ಬಸ್ಸು. ಐದಕ್ಕೆ ಎದ್ದು ರೊಟ್ಟಿ ಬಡಿದು, ಮೂರು ವರ್ಷದ ಮಗಳ ತಲೆ ಬಾಚಿ, ಅವಳನ್ನೂ ಕಂಕುಳಲ್ಲಿ ಎತ್ತಿಕೊಂಡು ಬರುತ್ತಾಳೆ. ಗಂಡ, ಅತ್ತೆ, ಮಾವ ಮೂವರೂ ಕಬ್ಬಿನ ಹೊಲಕ್ಕೆ ಹೋದರೆ ಮನೆಯಲ್ಲಿ ಮಗುವನ್ನು ನೋಡುವವರಾರು? ಇಂಜಿನಿಯರ್ ರಾಜಾರಾಮರ ಆಫೀಸಿನಲ್ಲಿ ಅವಳ ಮೇಜಿನ ಕೆಳಗೆ ಮಗುವಿಗೊಂದು ಚಾದರ, ಗೀಚಲು ಹಳೆಯ ನಕ್ಷೆಗಳ ಹಿಂಬದಿ, ಎರಡು ಬಣ್ಣದ ಕಡ್ಡಿ. ಡಿಪ್ಲೊಮಾ ಮುಗಿಸಿ, ಆರು ವರ್ಷದಿಂದ ಕೋಮಲ ಇಲ್ಲೇ ನಕ್ಷೆ ಬರೆಯುತ್ತಿದ್ದಾಳೆ. ಅವಳು ಬರೆದದ್ದನ್ನು ಮತ್ತೆ ನೋಡುವುದೇ ಬೇಡ ಎಂದು ರಾಜಾರಾಮರು ಹೇಳುತ್ತಾರೆ, ನೋಡುವುದೂ ಇಲ್ಲ.

ಏಪ್ರಿಲ್‌ನ ಆ ಸೋಮವಾರ ಗೋಡೆಯ ಗುರುತಿಗೆ ಸುಣ್ಣದ ಗೆರೆ ಹಾಕಿಸಲು ಅವಳು ಮಗಳೊಂದಿಗೆ ಪ್ಲಾಟಿಗೆ ಹೋದಳು. ಬುಧವಾರ ಜೆಸಿಬಿ ಬರುವುದಿತ್ತು. ಗೆರೆಯಿಂದ ಹತ್ತು ಹೆಜ್ಜೆ ಕೆಳಗೆ ಕುರಿ ಸಾಕುವ ತಾರವ್ವನ ತಗಡಿನ ಪತ್ರಾಸು ಹೊದಿಸಿದ ಮನೆ, ಅದಕ್ಕೆ ಅಂಟಿಕೊಂಡು ಕುರಿದೊಡ್ಡಿ. ಮುದುಕಿ ಮರಿಯೊಂದನ್ನು ಬಗಲಲ್ಲಿಟ್ಟುಕೊಂಡು ಮೇಲೆ ಹತ್ತಿ ಬಂದಳು. ಕಲ್ಲಿನ ಮೇಲೆ ತೆರೆದಿಟ್ಟ ಲ್ಯಾಪ್‌ಟಾಪಿಗೆ ಬಗ್ಗಿದಳು.

"ಏನಬೇ ತಂಗಿ, ಟೀವಿ ತಂದಿಯೇನ?"

"ಟೀವಿ ಅಲ್ಲ ಆಯಿ, ಇದಾ ಜಾಗಾ. ನೋಡ, ಇದು ಮ್ಯಾಲಿನ ರೋಡ, ಇದು ಸಾವಕಾರ್ರ ಮನಿ, ಇದು ಗೋಡಿ."

"ಮತ್ತ ನಂದು?"

ಕೋಮಲ ಬೆರಳನ್ನು ಗೋಡೆಯಿಂದ ಕೆಳಗಿಳಿಸಿದಳು. ಅಲ್ಲಿ ಬರೀ ಬಿಳುಪು. ಪ್ಲಾಟಿನ ಹದ್ದಿಗೆ ಬಂದು ನೆಲ, ಕೊಯ್ದ ಬೆಲ್ಲದ ಪೆಂಟೆಯಂತೆ ನಿಂತುಬಿಟ್ಟಿತ್ತು.

"ನಿಂದು ಇದ್ರಾಗ ಬರೂದಿಲ್ಲ ಆಯಿ. ಅಳತಿ ಇಲ್ಲೀತನಕಾನ."

"ಅಂದ್ರ ನೆಲಾ ಇಲ್ಲಿಗೇ ಮುಗದ ಹೋತೇನ?" ತಾರವ್ವ ಬೊಚ್ಚುಬಾಯಿ ತೆರೆದು ನಕ್ಕಳು. ಆಮೇಲೆ ಪರದೆಯ ಮೇಲಿನ ನೀಲಿ ಬಾಣಗಳನ್ನು ಮುಟ್ಟಿದಳು. "ಇವ್ಯಾವು?"

"ಮಳಿ ನೀರು. ಎತ್ತಾಗ ಹರೀತೈತಿ ಅಂತ ತೋರಸ್ತಾವು."

"ಹಂಗಾರ ನೀರಿಗಿ ನನ್ನ ಮನಿ ಗೊತ್ತೈತಿ, ನಿನಗ ಗೊತ್ತಿಲ್ಲ."

ಬಾಣಗಳೆಲ್ಲ ಗೋಡೆಯಲ್ಲಿ ನೀರಿಗೆಂದು ಬಿಟ್ಟ ತೂತುಗಳಿಂದ ಹೊರಟು ಬಿಳುಪಿನಲ್ಲಿ ಮುಗಿಯುತ್ತಿದ್ದವು. ಕೋಮಲ ಅವನ್ನು ನಾಲ್ಕೂ ಸಲ ನೋಡಿದ್ದಳು. ನೀರು ಅಚ್ಚುಕಟ್ಟಾಗಿ ಹೊರಗೆ ಹೋಯಿತಲ್ಲ ಎಂದು ಸಮಾಧಾನಪಟ್ಟು ಫೈಲು ಮುಚ್ಚಿದ್ದಳು. ಈವರೆಗೆ ಇಳಿಜಾರಿನ ತುಂಬ ಹರಡಿ ಹೋಗುತ್ತಿದ್ದ ನೀರು, ಮಣ್ಣು ತುಂಬಿದ ಮೇಲೆ ಒಂದೇ ಕಡೆ ಕೂಡಿ ನೇರ ದೊಡ್ಡಿಗೆ ಇಳಿಯುತ್ತದೆ. ಅಲ್ಲಿ ಹನ್ನೊಂದು ಕುರಿ, ನಾಲ್ಕು ಮರಿ. ಅದರಾಚೆಗೆ ಮುದುಕಿಯ ಒಲೆ, ಹಾಸಿಗೆ.

ಅವಳಿಗೆ ಮೊದಲು ಅನ್ನಿಸಿದ್ದು, ಅಯ್ಯೋ, ಐದನೆಯ ಸಲ ಮಾಡಬೇಕಲ್ಲ ಎಂದು. ಆಮೇಲೆ ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಯಿತು.

ಗೋಡೆ ಕಟ್ಟುವ ಗೌಂಡಿಗಳು ಮಟ್ಟ ನೋಡುವ ಲೆವೆಲ್ ಪೈಪು ಅಲ್ಲೇ ಬಿದ್ದಿತ್ತು. ನೀರು ತುಂಬಿದ ಆ ಕೊಳವೆಯ ಒಂದು ತುದಿಯನ್ನು ತಾನು ಹಿಡಿದು, ಇನ್ನೊಂದನ್ನು ತಾರವ್ವನ ಕೈಗೆ ಕೊಟ್ಟಳು. ಮಗಳು ಮರಿಯ ಬೆನ್ನು ಸವರುತ್ತ ನೆರಳಲ್ಲಿ ಕುಳಿತಳು.

"ಅಳ್ಳಾಡಸಬ್ಯಾಡ ಆಯಿ."

"ನಾ ಎಲ್ಲಿ ಅಳ್ಳಾಡಸ್ತೀನಿ, ವಯಸ್ಸ ಅಳ್ಳಾಡಸ್ತೈತಿ."

ಉರಿಬಿಸಿಲಲ್ಲಿ ಇಪ್ಪತ್ತೆರಡು ಕಡೆ ಅಳೆದರು. ದೊಡ್ಡಿಯ ಮೂಲೆಗಳು, ತಾರವ್ವನ ಹೊಸ್ತಿಲು, ಬದಿಯ ಓಣಿಯ ಗಟಾರದ ತಳ. ಗಟಾರ ಗೋಡೆಯ ಬುಡಕ್ಕಿಂತ ಒಂದು ಗೇಣು ಕೆಳಗಿತ್ತು. ನೀರು ಅತ್ತ ಹರಿಯಲು ಅಷ್ಟು ಸಾಕಿತ್ತು.

ಮಂಗಳವಾರ ಪರದೆಯ ಮೇಲೆ ನೆಲ ಪ್ಲಾಟಿನ ಹದ್ದು ದಾಟಿ ಮುಂದೆ ಬೆಳೆಯಿತು. ಕೋಮಲ ಗೋಡೆಯನ್ನು ಮೂರಡಿ ಒಳಗೆ ತಂದು, ಅದರ ಬುಡದಲ್ಲಿ ಕಾಲುವೆ ಕೂರಿಸಿದಳು. ಬಾಣಗಳು ಒಂದೊಂದಾಗಿ ತಿರುಗಿ ಗಟಾರದ ಕಡೆ ಹೊರಟವು. ಸಂಜೆ ರಾವಸಾಹೇಬರು ಬಂದರು.

"ಬಾಯಾರ, ನನ್ನ ಮೂರು ಫೂಟ ಎಲ್ಲಿ ಹೋತ್ರಿ?"

"ನೀರಿನ ದಾರಿಗಿ ಹೋತ್ರಿ ಸಾವಕಾರ್ರ."

"ಮೊದಲಿಂದೂ ನೀರು ಆ ಕಡಿಗೇ ಹೊಕ್ಕೈತಲ್ರಿ. ನಾಳೆ ಮುಂಜಾನೆ ಜೆಸಿಬಿ ಬರತೈತಿ. ಹಳೇ ನಕ್ಷಾನ ಇರ್ಲಿ."

ರಾಜಾರಾಮರು ಪೆನ್ನು ತಿರುಗಿಸುತ್ತ ಕುಳಿತಿದ್ದರು. ಮುದುಕಿಯ ಹಾಸಿಗೆಯ ಮಾತು ಕೋಮಲಳ ನಾಲಿಗೆಯ ತುದಿಗೆ ಬಂದಿತ್ತು. ರಾವಸಾಹೇಬರ ಮುಖ ನೋಡಿ ಅದನ್ನು ನುಂಗಿಕೊಂಡಳು.

"ಕೆಳಗಿನ ತಾರವ್ವನ ಮನ್ಯಾಗ ನೀರು ಹೊಕ್ರ ಆಕಿ ಗೋಡಿ ತೂತಿಗಿ ಹಳೇ ಅರಿವಿ-ಬಟ್ಟಿ ತುರಕ್ತಾಳ್ರಿ. ನೀರು ಗೋಡಿ ಹಿಂದ ನಿಂದರ್ತೈತಿ. ಗರಸು ನೆಂದು ದಬ್ಬತೈತಿ, ಗೋಡಿ ಹೊಟ್ಟಿ ಬಿಡ್ತೈತಿ. ಆಮ್ಯಾಲ ನಿಮ್ಮ ಕಾರು ಆಕಿ ದೊಡ್ಡ್ಯಾಗ ನಿಂದರ್ತಾವು."

"ಅರಿವಿ ತುರಕ್ತೀನಿ ಅಂತ ಆಕಿ ಅಂದಾಳೇನ್ರಿ?"

"ಇಲ್ರಿ. ನಾ ಆಗಿದ್ರ ತುರಕ್ತಿದ್ನಿ."

ರಾಜಾರಾಮರು ಕೆಮ್ಮಿ ನಗು ಮುಚ್ಚಿಕೊಂಡರು. "ಕೋಮಲ ಅನ್ನೂದು ಖರೆ ಐತ್ರಿ ರಾವಸಾಹೇಬ್ರ. ಗೋಡಿ ನಿಂದ್ರಬೇಕಂದ್ರ ನೀರು ಹೋಗಬೇಕು."

"ಕಾರು ಎರಡೂ ಹಿಡೀತಾವೋ ಇಲ್ಲೋ?"

"ಹಿಡೀತಾವ್ರಿ," ಎಂದಳು ಕೋಮಲ. "ಬಾಗಲಾ ತಗದು ಇಳಿಯೂದು ಸ್ವಲ್ಪ ಬಿಗಿ."

ರಾವಸಾಹೇಬರು ಸಹಿ ಹಾಕಿದರು. ತರಿಸಿಟ್ಟ ಚಹಾ ಕುಡಿಯದೆ ಎದ್ದು ಹೋದರು.

ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಹೊಡೆದ ಮರುದಿನ ಕೋಮಲ ಬಸ್ಸಿಳಿದು ಆಫೀಸಿಗೆ ಹೋಗದೆ, ಮಗಳನ್ನೆತ್ತಿಕೊಂಡು ಇಳಿಜಾರಿನ ಕಡೆ ನಡೆದಳು. ರಾಯಬಾಗದಲ್ಲಿ ಇನ್ನೊಂದು ಇಳಿಜಾರು ಪ್ಲಾಟು ಬಂದಿದೆ, ಬೇಗ ಬಾ ಎಂದು ರಾಜಾರಾಮರ ಫೋನು ಬಂದಿತ್ತು. ಹೊಸ ಗೋಡೆಯ ತೂತುಗಳಿಂದ ಕೆಂಪು ನೀರು ಇನ್ನೂ ಜಿನುಗುತ್ತ, ಕಾಲುವೆ ಹಿಡಿದು ಗಟಾರಕ್ಕೆ ಹೋಗುತ್ತಿತ್ತು. ದೊಡ್ಡಿಯ ನೆಲ ಒಣಗಿತ್ತು.

"ಈ ಸಲ ನೀರು ನನ್ನ ಮನಿ ಮರತೈತಿ ನೋಡಬೇ," ಎಂದಳು ತಾರವ್ವ. "ಕೂಡು. ಚಾ ಕುಡದ ಹೋಗು."

"ಆಫೀಸೈತಿ ಆಯಿ. ಸರ್ ಕರ್ಯಾಕತ್ತಾರ."

ಹೇಳುತ್ತಲೇ ಅವಳು ಹೊಸ್ತಿಲ ಮೇಲೆ ಕುಳಿತಳು. ಮಗಳು ಇಳಿದು ಮರಿಗಳ ಕಡೆ ಓಡಿದಳು. ಒಲೆಯ ಮೇಲೆ ನೀರು ಸದ್ದು ಮಾಡುವಷ್ಟರಲ್ಲಿ ಕೋಮಲಳ ತಲೆ ಬಾಗಿಲ ಚೌಕಟ್ಟಿಗೆ ಒರಗಿತ್ತು. ತಾರವ್ವ ಚಹಾ ಇಳಿಸಿ, ಮೇಲೊಂದು ತಟ್ಟೆ ಮುಚ್ಚಿ, ಎಬ್ಬಿಸದೆ ಕುಳಿತಳು.