ಕೌದಿ ಪರೀಕ್ಷೆಗೆ ಕಾಗವಾಡದವರೆಗೆ

ಬಸ್ಸು ಚಿಕ್ಕೋಡಿ ಬಿಟ್ಟಾಗ ಬೆಳಗಿನ ಏಳು ಗಂಟೆ. ನನ್ನ ಚೀಲದಲ್ಲಿ ಒಂದು ಭೂತಗನ್ನಡಿ, ಹೊಲಿಗೆ ಬಿಚ್ಚುವ ಕೊಕ್ಕೆ, ಮೂರು ಅರ್ಜಿ ಮತ್ತು ಆಧಾರ್ ಕಾರ್ಡು ಇದ್ದವು. ಕಂಡಕ್ಟರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ. ಬಸ್ಸು ಬಿಟ್ಟಿಯಾದ ಮೇಲೆ ನನ್ನಂಥ ಹೆಣ್ಣುಮಕ್ಕಳಿಗೆ ಮನೆಯಲ್ಲಿ ಕಾಲು ನಿಲ್ಲುತ್ತಿಲ್ಲ ಎಂದು ನಮ್ಮ ಯಜಮಾನರ ದೂರು.

ಮೂವತ್ತು ವರ್ಷ ಹೊಲಿಗೆ ಕಲಿಸಿ ನಿವೃತ್ತಳಾದವಳು ನಾನು. ಬೆಳಗಾವಿಯ ಒಂದು ಕೈಕಸುಬಿನ ಮೇಳದವರು ಈ ಸಲ ನನಗೊಂದು ಕೆಲಸ ಹಚ್ಚಿದ್ದರು. ಹೋದ ವರ್ಷ ಕೈಹೊಲಿಗೆಯದೆಂದು ಮಾರಿದ ಕೆಲವು ಕೌದಿಗಳು ಮಿಷನ್ನಿನವು ಎಂದು ಗಿರಾಕಿಗಳು ಗಲಾಟೆ ಮಾಡಿದ್ದರಂತೆ. ಅದಕ್ಕೇ ಈ ವರ್ಷ ಮಳಿಗೆಗೆ ಅರ್ಜಿ ಹಾಕಿದವರ ಮನೆಗೆ ಹೋಗಿ ಕಣ್ಣಾರೆ ನೋಡಿ ಬರಬೇಕು. ಪರೀಕ್ಷೆ ಬಲು ಸರಳ. ಮಿಷನ್ ಹೊಲಿಗೆಗೆ ಮೇಲೊಂದು ಕೆಳಗೊಂದು ಎರಡು ದಾರ, ಕೈಹೊಲಿಗೆಗೆ ಒಂದೇ. ಒಂದು ಹೊಲಿಗೆ ಬಿಚ್ಚಿದರೆ ಬಣ್ಣ ಬಯಲು.

ನಿಪ್ಪಾಣಿಯ ಅರ್ಜಿದಾರ ಒಬ್ಬ ನಗುಮುಖದ ವ್ಯಾಪಾರಿ. ಕೌದಿಗಳನ್ನು ಹಾಸಿ, ಚಹಾ ತರಿಸಿ, ಎಲ್ಲವೂ ಕೈಯಿಂದಲೇ ಆದದ್ದು ಎಂದ. ಕೊಕ್ಕೆ ಹಾಕಿದೆ. ಎರಡು ದಾರ ಬಂದವು.

"ಇದೇನ್ರಿ?" ಎಂದೆ.

"ಮಾವಶಿ, ಮಿಷನ್ ಹೊಡದಾಂವರ ಮನಶ್ಯಾನ ಅಲ್ರಿ? ಅಂವಗೂ ಕೈ ಅದಾವಲ್ರಿ!" ಎಂದ.

ವಾದವೇನೋ ಚೆನ್ನಾಗಿತ್ತು. ನಕ್ಕೆ, ಚಹಾ ಕುಡಿದೆ, ಅರ್ಜಿಗೆ ಕಾಟು ಹಾಕಿದೆ. ಅವನೂ ಬೇಜಾರಿಲ್ಲದೆ ಬಸ್ ನಿಲ್ದಾಣದವರೆಗೆ ಗಾಡಿಯಲ್ಲಿ ಬಿಟ್ಟುಹೋದ. ನನ್ನ ಕಣ್ಣಿಗೆ ಮಣ್ಣೆರಚುವುದು ಯಾರಿಂದಲೂ ಆಗದು ಎಂಬ ಜಂಬ ಅಲ್ಲಿಂದಲೇ ನನ್ನ ಹೆಗಲೇರಿತು.

ಮರುದಿನ ರಾಯಬಾಗ. ಕಬ್ಬಿನ ಹಂಗಾಮು ಜೋರಾಗಿದ್ದರಿಂದ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ನಮ್ಮ ಬಸ್ಸು ತೆವಳುತ್ತ ಹೋಗಿ ಮುಕ್ಕಾಲು ತಾಸು ತಡವಾಯಿತು. ಅಲ್ಲಿ ಐದು ಜನ ಹೆಂಗಸರು ಒಂದೇ ಕೌದಿಯ ಸುತ್ತ ಕೂತು, ಊರ ಸುದ್ದಿಯನ್ನೆಲ್ಲ ಅದರೊಳಗೇ ಸೇರಿಸಿ ಹೊಲಿಯುತ್ತಿದ್ದರು. ಒಂದೇ ದಾರ. ಪಾಸು. ಮಿರ್ಚಿ ಭಜಿ ತಿಂದು ಅಥಣಿಯ ಬಸ್ ಹತ್ತಿದೆ. ರಾತ್ರಿ ತಂಗಿಯ ಮನೆಯಲ್ಲಿ ಉಳಿದೆ. ಚಳಿಯಿತ್ತು. ತಂಗಿ ಅಂಗಡಿಯಿಂದ ತಂದ ಮೆತ್ತನೆಯ ಬ್ಲ್ಯಾಂಕೆಟ್ ಕೊಟ್ಟಳು. ಕೌದಿ ಪರೀಕ್ಷಕಳು ಅದನ್ನು ಹೊದ್ದು ಗಡದ್ದಾಗಿ ನಿದ್ದೆ ಹೊಡೆದಳೆಂಬುದನ್ನು ಮೇಳದವರಿಗೆ ತಿಳಿಸಬೇಕಾಗಿಲ್ಲ.

ಮೂರನೆಯ ದಿನ ಮಿರಜಿನ ಬಸ್ ಹಿಡಿದು ಕಾಗವಾಡದಲ್ಲಿ ಇಳಿದೆ. ಕೊನೆಯ ಅರ್ಜಿ ಹೌಸಾಬಾಯಿ ಎಂಬವರದು. ಅವರು ಅರ್ಜಿಯ ಜೊತೆ ಕಳಿಸಿದ ಕೌದಿಯ ಫೋಟೋದ ಮೇಲೆ ಸಮಿತಿಯವರು ಯಾರೋ ಕೆಂಪು ಶಾಯಿಯಲ್ಲಿ "ಮಿಷನ್?" ಎಂದು ಬರೆದಿದ್ದರು. ಆ ಪ್ರತಿಯೇ ಹೇಗೋ ಅವರ ಸೊಸೆಯ ಮೊಬೈಲಿಗೆ ಹೋಗಿ, ಸೊಸೆ ಅದನ್ನು ಅತ್ತೆಗೆ ಓದಿ ಹೇಳಿದ್ದಳು.

ಹೌಸಾಬಾಯಿ ಎಪ್ಪತ್ತರ ಆಸುಪಾಸಿನವರು. ಅಂಗಳದ ಬಿಸಿಲಿಗೆ ಕೌದಿ ಹಾಸಿಕೊಂಡು ನನ್ನನ್ನೇ ಕಾಯುತ್ತಿದ್ದರು. ಬರ್ರಿ ಎಂದವರು, ಕೂಡ್ರಿ ಎನ್ನುವ ಮೊದಲೇ ಮಾತು ತೆಗೆದರು.

"ಮಳಿಗಿ ಕೊಡ್ರಿ, ಬಿಡ್ರಿ, ಅದು ನಿಮಗ ಸೇರಿದ್ದು. ಐವತ್ತ ವರ್ಷ ಹೊಲದೀನ್ರಿ ಅಕ್ಕಾರ. ಮಿಷನ್ ಅಂತ ಬರದಾರಲ್ಲ, ಅದನ್ನ ಮೊದಲ ಅಳಸ್ರಿ."

ಕೌದಿ ನೋಡಿ ನನಗೂ ಅನುಮಾನ ಬಂತು. ಸಾಲುಗಳು ಗೆರೆ ಎಳೆದಷ್ಟು ನೆಟ್ಟಗೆ, ಹೊಲಿಗೆ ಎಲ್ಲ ಒಂದೇ ಅಳತೆ.

"ಒಂದ ಟಾಕಿ ಅಂದ್ರ ಒಂದ ಜ್ವಾಳದ ಕಾಳಿನಷ್ಟು. ನಮ್ಮವ್ವ ಕಾಳ ಇಟ್ಟ ಕಲಿಸ್ಯಾಳ್ರಿ" ಎಂದರು. "ಎಲ್ಲಿ ಬೇಕಾದಲ್ಲಿ ಬಿಚ್ಚಿ ನೋಡ್ರಿ. ಆದ್ರ ಆ ಮೂಲಿ ಒಂದ ಬಿಡ್ರಿ."

ನಡುವೆ ಒಂದು ಹೊಲಿಗೆ ಬಿಚ್ಚಿದೆ. ಒಂದೇ ದಾರ. ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಆದರೆ ಮೂವತ್ತು ವರ್ಷ ಪರೀಕ್ಷೆಯ ಕೋಣೆಯಲ್ಲಿ ಅಡ್ಡಾಡಿದವಳಿಗೆ, ಹುಡುಗಿ ಅಂಗೈ ಮುಚ್ಚಿದ ಕಡೆಗೇ ಕಣ್ಣು ಹೋಗುವ ಚಟ. ಹೌಸಾಬಾಯಿ ಊಟಕ್ಕೆ ಬಡಿಸಲು ಒಳಗೆ ಹೋದರು. ಬೇಡ ಎಂದ ಮೂಲೆಗೇ ಕೊಕ್ಕೆ ಹಾಕಿದೆ. ಮೂರು ಹೊಲಿಗೆ ಬಿಚ್ಚಿದ್ದೇ ತಡ, ಮಡಚಿದ ಬಟ್ಟೆಯೊಳಗಿಂದ ಉಗುರಿನಷ್ಟು ಒಣರೊಟ್ಟಿಯ ಚೂರು ನನ್ನ ಮಡಿಲಿಗೆ ಬಿತ್ತು.

ತಾಟು ಹಿಡಿದು ಬಂದ ಹೌಸಾಬಾಯಿ ಚೂರನ್ನು ನೋಡಿದರು, ನನ್ನ ಮುಖ ನೋಡಿದರು. ನೆಲ ಬಾಯಿ ಬಿಡಬಾರದೇ ಅನಿಸಿತು.

"ಅಯ್ಯ ನಮ್ಮವ್ವಾ, ಅದರ ಬಾಯಾಗಿನ ತುತ್ತ ಕಸಗೊಂಡ್ರಲ್ಲ!" ಎಂದು ಕೂತುಬಿಟ್ಟರು. "ಇದಕ್ಕ ಘಾಸ ಅಂತೀವ್ರಿ. ಹೊಚಗೊಂಡಾವ್ರು ಹಸದ ಮಲಗಬಾರ್ದಂತ ಮೊದಲ ಕೌದಿಗೆ ಉಣಸ್ತೀವಿ. ಕಡೀ ಟಾಕಿ ಅಲ್ಲೇ ಹಾಕೂದು."

"ತಪ್ಪಾತ್ರಿ ಹೌಸಕ್ಕ" ಎಂದೆ. ನಿಜಕ್ಕೂ ನಾಚಿಕೆಯಾಗಿತ್ತು. ಮಾತು ಕೊಟ್ಟು ಮುರಿದವಳಂತೆ ಕೂತಿದ್ದೆ.

"ತಪ್ಪ ಇರ್ಲಿ. ತಗದಾವ್ರು ನೀವು, ಉಣಸಾವ್ರೂ ನೀವ ಆಗ್ರಿ" ಎಂದು ದಾರ ಪೋಣಿಸಿದ ಸೂಜಿ ಕೈಗಿಟ್ಟರು.

ತಾಟಿನಲ್ಲಿದ್ದ ಬಿಸಿ ರೊಟ್ಟಿ ಮುರಿಯಹೋದೆ. ಹಸೀ ರೊಟ್ಟಿ ಬ್ಯಾಡ, ಇರುವಿ ಹತ್ತತಾವ ಎಂದು ಬುಟ್ಟಿಯಿಂದ ಒಣಗಿದ ಕಟಕ ರೊಟ್ಟಿ ತಂದುಕೊಟ್ಟರು. ಚೂರು ಒಳಗಿಟ್ಟು ಹೊಲಿಯಲು ಕೂತೆ. ಹೇಳಿಕೊಳ್ಳಬಾರದು, ಹೇಳುತ್ತೇನೆ: ಜೀವನಪೂರ್ತಿ ನಾನು ಕಲಿಸಿದ್ದು ಮಿಷನ್ ಹೊಲಿಗೆ. ಏಳು ಪದರ ಸೀರೆಯೊಳಗೆ ಸೂಜಿ ದಾಟಿಸುವಷ್ಟರಲ್ಲಿ ಬೆವರು ಬಂತು. ಮೊದಲನೆಯ ಟಾಕಿ ಜೋಳವಾಗದೆ ಶೇಂಗಾ ಆಯಿತು. ಎರಡನೆಯದು ಅವರೆಕಾಯಿ. ಮೂರನೆಯದು ಎತ್ತಲೋ ಹೊರಟೇಹೋಯಿತು. ಹೌಸಾಬಾಯಿ ಬಾಯಿಗೆ ಸೆರಗು ಅಡ್ಡ ಹಿಡಿದರು. ಒಳಗಿನಿಂದ ಸೊಸೆ ನಗುವ ಸದ್ದು ಕೇಳಿತು. ನನಗೂ ತಡೆಯಲಾಗಲಿಲ್ಲ. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

"ಬಿಚ್ಚಿ ನೀವ ಹಾಕ್ರಿ, ಇಷ್ಟ ಚಂದದ ಕೌದಿ ಕೆಡಸೀನಿ" ಎಂದು ಬೇಡಿಕೊಂಡೆ.

"ಬಿಚ್ಚೂದಿಲ್ರಿ. ಮ್ಯಾಳದಾಗ ಯಾರರ ಮಿಷನ್ ಅಂದ್ರ ಈ ಮೂಲಿ ತೋರಸ್ತೀನಿ" ಎಂದರು.

ಫೋಟೋದ ಮೇಲಿನ ಕೆಂಪು ಅಕ್ಷರಗಳನ್ನು ಅವರೆದುರೇ ಮಸಿ ಹಚ್ಚಿ ಅಳಿಸಿದೆ. ಆಮೇಲೆ ಜುಣಕ, ಬದನೆಕಾಯಿ ಪಲ್ಯ, ಗಟ್ಟಿ ಮೊಸರಿನ ಜೊತೆ ಎರಡು ರೊಟ್ಟಿ ಉಂಡೆ. ಅಷ್ಟು ರುಚಿಯಾದ ಊಟ ಈ ಮೂರು ದಿನದಲ್ಲಿ ಎಲ್ಲೂ ಸಿಕ್ಕಿರಲಿಲ್ಲ. ಹೊರಟಾಗ ಹೌಸಾಬಾಯಿ ಕೌದಿಯನ್ನು ಗೋಡೆಯ ಮೇಲೆ ಬಿಸಿಲಿಗೆ ಹಾಕುತ್ತಿದ್ದರು. ರಸ್ತೆಯ ತಿರುವಿನಿಂದ ಹೊರಳಿ ನೋಡಿದರೆ ನನ್ನ ಸೊಟ್ಟ ಮೂಲೆ ಅಷ್ಟು ದೂರಕ್ಕೂ ಕಾಣುತ್ತಿತ್ತು.

ಚಿಕ್ಕೋಡಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕೃಷ್ಣೆಯ ಸೇತುವೆ ದಾಟುವಾಗ ಅರ್ಜಿ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಕೈಯಿಂದ ಮಾಡಿದ್ದೇ ಎಂಬುದರ ಮುಂದೆ ಹೌದು ಎಂದು ಬರೆದೆ. ಯಾರ ಕೈ ಎಂಬುದರ ಮುಂದೆ ಹೌಸಾಬಾಯಿಯವರ ಹೆಸರು ಬರೆದು ಸಹಿ ಹಾಕಿದೆ. ಪೆನ್ನು ಮುಚ್ಚಿದವಳು ಮತ್ತೆ ತೆರೆದೆ. ಪರೀಕ್ಷಕಳು ಸುಳ್ಳು ಬರೆಯಬಾರದು. ಹೆಸರಿನ ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ಸೇರಿಸಿದೆ: "ಒಂದು ಮೂಲೆ ಬಿಟ್ಟು."