ಎಂಜಿನ್‌ಗೆ ಆರಾಮಿಲ್ಲದ ಭಾನುವಾರ

ಉಗಿ ಎಂಜಿನ್ ಹುಚ್ಚಿನವರ ವಾಟ್ಸ್ಯಾಪ್ ಗ್ರೂಪಿಗೆ ಅಡ್ಮಿನ್ ಆಗುವಂಥ ತಲೆನೋವು ಯಾರಿಗೂ ಬೇಡ. ಯಲಹಂಕದ ಕಡೆ ಒಂದು ಹಳೆಯ ಶೆಡ್ಡಿನಲ್ಲಿ ಜೋಪಾನವಾಗಿ ಉಳಿಸಿಕೊಂಡಿರುವ ಪುಟ್ಟ ರೈಲು ಭಾನುವಾರ ಓಡುತ್ತದೋ ಇಲ್ಲವೋ ಎಂದು ಎಲ್ಲರಿಗೂ ತಿಳಿಸುವುದು ನನ್ನ ಕೆಲಸ. ಸಂಬಳವಿಲ್ಲ, ಬೈಗುಳ ಧಾರಾಳ. ಓಡುತ್ತದೆ ಎಂದರೆ ಕಲ್ಲಿದ್ದಲು ಎಲ್ಲಿಯದು ಎಂದು ಪ್ರಾಣ ತಿನ್ನುತ್ತಾರೆ. ಓಡುವುದಿಲ್ಲ ಎಂದರೆ ನಾನೇ ಚಕ್ರಕ್ಕೆ ಕಲ್ಲಿಟ್ಟೆನೇನೋ ಎಂಬಂತೆ ಮಾತಾಡುತ್ತಾರೆ.

ಗ್ರೂಪಿನಲ್ಲಿ ಒಬ್ಬರು ಅಮ್ಮ ಇದ್ದಾರೆ. ಗದಗಿನವರು, ನಿವೃತ್ತ ಟೀಚರ್, ಈಗ ಅಟ್ಟೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ರೈಲು ರದ್ದು ಎಂದು ನಾನು ಬರೆದ ದಿನವೂ ಅವರು ತಪ್ಪದೆ ಶೆಡ್ಡಿಗೆ ಬರುತ್ತಾರೆ, ಕೈಯಲ್ಲಿ ಬ್ರೆಡ್ಡು, ಬಾಳೆಹಣ್ಣು. ಆಸ್ಪತ್ರೆಯಲ್ಲಿರುವ ನೆಂಟರನ್ನು ನೋಡಲು ಬಂದವರ ಹಾಗೆ ಎಂಜಿನ್ ಪಕ್ಕ ಸ್ವಲ್ಪ ಹೊತ್ತು ಕೂತು, ತಂದದ್ದನ್ನು ಶೆಡ್ಡಿನವರಿಗೆ ಹಂಚಿ ಹೋಗುತ್ತಾರೆ. ನಾವೆಲ್ಲ ನಗುತ್ತಿದ್ದೆವು. ಎದುರಿಗಲ್ಲ.

ಈ ಮಳೆಗಾಲದಲ್ಲಿ ಬರುವವರೇ ಕಡಿಮೆಯಾದರು. ಶೆಡ್ಡಿನ ಮೇಲ್ವಿಚಾರಕರು ಕೊನೆಗೆ ನನ್ನನ್ನು ಕರೆದು ಹೇಳಿಬಿಟ್ಟರು: "ನೋಡಿ ಸರ್, ಈ ಭಾನುವಾರನೂ ಬೋಗಿ ಖಾಲಿ ಇದ್ರೆ ನಿಲ್ಲಿಸಿಬಿಡ್ತೀವಿ. ಎಂಜಿನ್ ಮ್ಯೂಸಿಯಂಗೆ ಹೋಗುತ್ತೆ." ನಾನು ಅದನ್ನು ಹಾಗೇ ಗ್ರೂಪಿಗೆ ಹಾಕಿ, ಕಾಲಿಗೆ ಬೀಳ್ತೀನಿ ಬನ್ನಿ ಎಂದು ಸೇರಿಸಿದೆ.

ಆ ಭಾನುವಾರ ಬೆಳಿಗ್ಗೆ ಹೋಗಿ ನೋಡಿದರೆ ಡ್ರೈವರ್ ತಲೆ ಮೇಲೆ ಕೈ ಹೊತ್ತು ನಿಂತಿದ್ದ. "ಪೈಪಲ್ಲಿ ಉಗಿ ಸೋರ್ತಿದೆ ಗುರು. ಇವತ್ತು ಆಗಲ್ಲ."

ದೂರದವರು ಮನೆ ಬಿಡುವ ಮೊದಲೇ ತಿಳಿಸಬೇಕಲ್ಲ. ಎಂಜಿನ್‌ಗೆ ಹುಷಾರಿಲ್ಲ, ಇವತ್ತು ಓಡುವುದಿಲ್ಲ ಎಂದು ಬರೆದು, ಸಂಕಟದಲ್ಲೇ ಹೋಗಿ ಟೀ ಕುಡಿದು ಬಂದೆ. ಡ್ರೈವರ್ ಹಲ್ಲು ಕಿರಿಯುತ್ತಿದ್ದ. "ಸರಿಹೋಯ್ತು ಗುರು! ಒಂದು ನಟ್ಟು ಸಡಿಲ ಆಗಿತ್ತು ಅಷ್ಟೇ."

ನನಗೆ ಮೈಯೆಲ್ಲ ಉರಿಯಿತು. ಓಡುತ್ತೆ, ಬನ್ನಿ ಎಂದು ಬರೆದೆ. ಯಾರೂ ಉತ್ತರಿಸಲಿಲ್ಲ. ಫೋನು ಮಾಡಿದರೆ ಕೆಲವರದು ಬಿಜಿ, ಉಳಿದವರು ಎತ್ತಲೇ ಇಲ್ಲ. ರೈಲಿಲ್ಲ ಎಂದ ಮೇಲೆ ಭಾನುವಾರ ಯಾರು ಹಾಸಿಗೆ ಬಿಡುತ್ತಾರೆ? ತೊಳೆದು ನಿಲ್ಲಿಸಿದ ಎರಡು ಬೋಗಿ ಖಾಲಿ ಹೊಡೆಯುತ್ತಿದ್ದವು. ಮೇಲ್ವಿಚಾರಕರು ಮತ್ತೆ ಮತ್ತೆ ವಾಚು ನೋಡಿಕೊಳ್ಳುತ್ತಿದ್ದರು. ಬಂದರೆ ಆ ಅಮ್ಮ ಬಂದಾರು, ಒಬ್ಬರಿಗಾಗಿ ಯಾರು ರೈಲು ಬಿಡುತ್ತಾರೆ? ನನ್ನದೇ ಒಂದು ಮೆಸೇಜು ಅದನ್ನು ಮ್ಯೂಸಿಯಂಗೆ ಕಳಿಸಿತು ಎಂದುಕೊಂಡಾಗ ಅಳು ಬಂತು.

ಗೇಟಿನ ಮುಂದೆ ಆಟೋ ನಿಂತಿತು. ಅಮ್ಮ ಬಾಳೆಹಣ್ಣಿನ ಚೀಲದ ಸಮೇತ ಇಳಿದರು. ಹಿಂದೆಯೇ ಇನ್ನೊಂದು ಆಟೋ. ಪುಟ್ಟೇನಹಳ್ಳಿಯ ಅಣ್ಣತಮ್ಮಂದಿರು ಬೈಕಿನಲ್ಲಿ ಎಳನೀರು ಕಟ್ಟಿಕೊಂಡು ಬಂದರು. ನಾಗಸಂದ್ರದ ಗಂಡಹೆಂಡತಿ ಫ್ಲಾಸ್ಕಿನಲ್ಲಿ ಗಂಜಿ ತಂದಿದ್ದರು, ಅದನ್ನು ಯಾರಿಗೆ ಕುಡಿಸುವವರಿದ್ದರೋ ದೇವರೇ ಬಲ್ಲ. ಬರುತ್ತಲೇ ಇದ್ದರು. ಎಲ್ಲರ ಮುಖವೂ ಸಪ್ಪಗಿತ್ತು.

"ಏನಮ್ಮಾ ಇದು?" ಎಂದೆ.

"ನೀವ ಗ್ರೂಪಿನ್ಯಾಗ ಬರದಿದ್ರಲ್ರೀ, ಎಂಜಿನ್ನಿಗೆ ಆರಾಮಿಲ್ಲಂತ. ಕಡೀ ಸಲ ನೋಡಿ ಬರೂಣು ಬರ್ರಿ ಅಂತ ಒಬ್ಬೊಬ್ಬರಿಗೂ ನಾನ ಫೋನ್ ಮಾಡಿದೆ. ಯಾರೂ ಒಲ್ಲೆ ಅನ್ನಲಿಲ್ಲ."

ಅಷ್ಟರಲ್ಲಿ ಎಂಜಿನ್ ಸೀಟಿ ಹೊಡೆಯಿತು. ಎಲ್ಲರೂ ಬೆಚ್ಚಿಬಿದ್ದರು. ಅಮ್ಮ ಎದೆ ಮೇಲೆ ಕೈಯಿಟ್ಟುಕೊಂಡು, "ಅಯ್ಯ, ಎದ್ದು ಕುಂತೈತಲ್ರೀ!" ಎಂದರು. ಆಮೇಲೆ ಯಾರು ಯಾರನ್ನು ತಳ್ಳಿಕೊಂಡು ಹತ್ತಿದರೋ, ಎರಡೂ ಬೋಗಿ ತುಂಬಿ ನನಗೆ ಮೆಟ್ಟಿಲೇ ಗತಿಯಾಯಿತು. ಎದೆ ಮೇಲಿನ ಕಲ್ಲು ಇಳಿದ ಹಾಗಾಗಿ, ನಗುತ್ತಾ ಕಣ್ಣೊರೆಸಿಕೊಂಡೆ.

ಮೇಲ್ವಿಚಾರಕರೂ ಹತ್ತಿದರು. ಅಮ್ಮ ಕೊಟ್ಟ ಬಾಳೆಹಣ್ಣು ಸುಲಿಯುತ್ತಾ, "ಮುಂದಿನ ವಾರಕ್ಕೆ ಕಲ್ಲಿದ್ದಲು ಹೇಳ್ಬೇಕು ಕಣ್ರೀ" ಎಂದರು. ಬೆಳಗಿನಿಂದ ಟೀ ಬಿಟ್ಟರೆ ನನ್ನ ಹೊಟ್ಟೆಗೆ ಏನೂ ಬಿದ್ದಿಲ್ಲವೆಂದು ಆಗ ನೆನಪಾಯಿತು. ನಾನೂ ಅಮ್ಮನ ಮುಂದೆ ಕೈ ಚಾಚಿದೆ.