ಅಮ್ಮನ ಮಾತಿನ ಹಿಂದಿನ ಸಮುದ್ರ

೧೯೮೪ರಲ್ಲಿ, ಏಳನೇ ಕ್ಲಾಸಿಗೆ, ನನ್ನ ಓದು ನಿಂತಿತು. ಕಾರ್ಕಳದಲ್ಲಿ ಕಲ್ಲು ಕೆತ್ತುವ ಕೆಲಸ ಕಲಿತು, ಇಪ್ಪತ್ತೆರಡಕ್ಕೆ ದುಬೈಗೆ ಹೋದೆ. ಯಾರ ಮುಂದೆಯೂ 'ಗೊತ್ತಿಲ್ಲ' ಎಂದವನಲ್ಲ. ಗೊತ್ತಿಲ್ಲದ್ದನ್ನು ನೋಡಿ ಕಲಿಯುತ್ತಿದ್ದೆ.

ಕಡಲ ಬದಿಯ ನಮ್ಮೂರು ಮಟ್ಟುವಿನಲ್ಲಿದ್ದ ಅಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ನಮ್ಮ ಕಾಗದವೆಂದರೆ ಕ್ಯಾಸೆಟ್. ಆಕೆ ಮಾತು ತುಂಬಿಸಿ, ದುಬೈಗೆ ಬರುವವರ ಕೈಯಲ್ಲಿ ಕೊಡುತ್ತಿದ್ದಳು. ನಾನು ಕೇಳಿ, ಅದರ ಮೇಲೆಯೇ ನನ್ನ ಮಾತು ತುಂಬಿಸಿ ಕಳುಹಿಸುತ್ತಿದ್ದೆ. ಎಲ್ಲರೂ ಹಾಗೆಯೇ. ಏಳು ವರ್ಷ ಅಮ್ಮನ ಸ್ವರವನ್ನು ನಾನೇ ಅಳಿಸುತ್ತಾ ಬಂದೆ. ಕೊನೆಯದೊಂದು ಉಳಿಯಿತು; ಅದಕ್ಕೆ ಉತ್ತರ ತುಂಬಿಸುವ ಮೊದಲೇ ಆಕೆ ತೀರಿಕೊಂಡಳು.

ಊರಿಗೆ ಮರಳಿದ ಎಷ್ಟೋ ವರ್ಷಗಳ ಮೇಲೆ, ಕೆಲಸದ ನಡುವೆ ಕೇಳಲೆಂದು ಜೇಬಿನಲ್ಲಿಡುವ ಪ್ಲೇಯರ್ ಕೊಂಡೆ. ಆ ಕ್ಯಾಸೆಟ್ಟನ್ನು ಅದಕ್ಕೆ ತುಂಬಿಸಿಕೊಳ್ಳಲು ಮಣಿಪಾಲದ ಒಂದು ಅಂಗಡಿಗೆ ಒಯ್ದೆ.

"ಎಂಪಿಥ್ರೀ ಫೈಲು ಸಣ್ಣದು ಮಾಡುವುದಾ, ದೊಡ್ಡದಾ?" ಅಂಗಡಿಯವರು ಕೇಳಿದರು.

"ಸಣ್ಣದು ಸಾಕು. ಬರೀ ಮಾತು ಅಲ್ವಾ."

"ಟೇಪು ಹಳತು ಮಾರಾಯ್ರೆ, ಇನ್ನೊಮ್ಮೆ ಓಡುವುದು ಸಂಶಯ. ಯೋಚನೆ ಮಾಡಿ."

"ನನಗೆ ಗೊತ್ತುಂಟು."

ಮರುದಿನ ಕಾಪುವಿನಲ್ಲಿ ಕಡಲ ಬದಿಯ ಮನೆಯೊಂದಕ್ಕೆ ಕಲ್ಲು ಹಾಸುತ್ತಾ ಕೇಳಿದೆ. ಮಾತೆಲ್ಲ ಇತ್ತು: ಊಟ ಆಯಿತಾ, ಈ ಸಲ ಗುಳ್ಳ ಬದನೆ ಒಳ್ಳೆಯದಾಗಿದೆ. ಅಮ್ಮ ಹಿಂಬದಿಯ ಜಗಲಿಯಲ್ಲಿ ಕೂತು ಮಾತನಾಡುತ್ತಿದ್ದಳು. ಹೇಳಲು ಏನೂ ಇಲ್ಲದಾಗ ಸುಮ್ಮನಾಗುತ್ತಿದ್ದಳು. ಆಗ ಕ್ಯಾಸೆಟ್ಟಿನಲ್ಲಿ ಸಮುದ್ರ ಕೇಳುತ್ತಿತ್ತು. ಈಗ ಅಲ್ಲಿ ಬಾಟ್ಲಿಯಲ್ಲಿ ನೀರು ಕುಲುಕಿದಂತಹ ಸದ್ದು. ನಿಜವಾದ ಕಡಲು ಪಕ್ಕದಲ್ಲೇ ಇತ್ತು. ಕಿವಿಯಲ್ಲಿದ್ದದ್ದೂ ಕಡಲೇ ಎಂದು ನನ್ನನ್ನು ನಾನು ನಂಬಿಸಿಕೊಳ್ಳಲು ಆಗಲಿಲ್ಲ.

ಸಂಜೆಯೇ ಕ್ಯಾಸೆಟ್ ಹಿಡಿದು ಮಣಿಪಾಲಕ್ಕೆ ಹೋದೆ. "ಇದು ನನಗೆ ಗೊತ್ತಿಲ್ಲ. ಹೇಳಿಕೊಡಿ."

"ನಿನ್ನೆ ಎಂತ ಗತ್ತು ನಿಮ್ಮದು," ಎಂದು ನಕ್ಕರು. ಆಮೇಲೆ ಸಮಾಧಾನದಿಂದ ಹೇಳಿದರು: "ಫೈಲು ಸಣ್ಣದಾಗಬೇಕಾದರೆ ಸದ್ದಿನಲ್ಲಿ ಒಂದಷ್ಟು ಬಿಸಾಡಬೇಕು. ಬಿಸಾಡಿದ್ದು ಮತ್ತೆ ಬರುವುದಿಲ್ಲ. ಮಾತು ಹೇಗೋ ಉಳೀತದೆ. ಕಡಲು ಎಂಪಿಥ್ರೀಯ ಲೆಕ್ಕಕ್ಕೆ ಬರೀ ಗಲಾಟೆ. ಮೊದಲು ಏನೂ ಬಿಸಾಡದೆ ಒಂದು ಪ್ರತಿ ಇಡುವ. ಜೇಬಿಗೆ ಅದರಿಂದಲೇ ದೊಡ್ಡ ಎಂಪಿಥ್ರೀ."

ಪ್ರತಿ ಮಾಡಲು ಕ್ಯಾಸೆಟ್ ಓಡಿಸಿದರು. ಅಮ್ಮ ಸುಮ್ಮನಾದಳು, ಸಮುದ್ರ ಬಂತು. ಹದಿನೆಂಟನೇ ನಿಮಿಷಕ್ಕೆ ಟೇಪು ಯಂತ್ರಕ್ಕೆ ಸುತ್ತಿಕೊಂಡು ಹರಿಯಿತು. ಜೋಡಿಸಿ ನೋಡಿದರು, ಮುಂದಕ್ಕೆ ಓಡಲಿಲ್ಲ. ಅಲ್ಲಿಂದ ಮುಂದಿನದು ನಿನ್ನೆಯ ಸಣ್ಣ ಫೈಲಿನಲ್ಲಿ ಮಾತ್ರ ಇತ್ತು.

ಈಗ ನನ್ನಲ್ಲಿರುವುದು ಹರಿದ ಕ್ಯಾಸೆಟ್ ಒಂದು, ಸಮುದ್ರದೊಡನೆ ಅಮ್ಮ ಹದಿನೆಂಟು ನಿಮಿಷ, ಸಮುದ್ರವಿಲ್ಲದೆ ಹನ್ನೆರಡು.